ಗೆದ್ದೇಬಿಟ್ವಿ ಅಂತ ಅಚ್ಚಾದ ಸುದ್ದಿಗಳು

ಯುದ್ಧದ ಟೈಮಲ್ಲಿ ಪೇಪರ್‌ನೋರು ಹಾಕಿದ ಹೆಡ್‌ಲೈನ್‌ಗಳನ್ನ ಈಗ ಕೂತ್ಕೊಂಡು ಓದಿದ್ರೆ ಹೊಟ್ಟೆ ಹುಣ್ಣಾಗೋವಷ್ಟು ನಗು ಬರುತ್ತೆ. ಆದ್ರೆ ಅದ್ರಿಂದ ಮುಂದೆ ಏನೇನಾಯ್ತು ಅಂತ ನೋಡಿದ್ರೆ ಎಷ್ಟೋ ಸಲ ನಗು ಅಲ್ಲೇ ನಿಂತೋಗುತ್ತೆ. ನಂಗೆ ಈ ವಿಷಯದ ಹುಚ್ಚು ಸ್ವಲ್ಪ ಜಾಸ್ತಿನೇ, ಅದಕ್ಕೇ ತಲೇಲಿ ಕೂತಿರೋ ಕೆಲವನ್ನ ಇಲ್ಲಿ ಬರೀತಿದೀನಿ.

1898ರಿಂದ ಶುರು ಮಾಡೋಣ. ಫೆಬ್ರವರಿ 15ರ ರಾತ್ರಿ, ಆಗ ಸ್ಪೇನ್ ಕೈಲಿದ್ದ ಕ್ಯೂಬಾದ ಹವಾನಾ ಬಂದರಲ್ಲಿ ಅಮೆರಿಕದ ಮೇನ್ ಅನ್ನೋ ಯುದ್ಧನೌಕೆ ಸ್ಫೋಟ ಆಯ್ತು. ತನಿಖೆ ನಡೆಯೋಕೂ ಮುಂಚೆನೇ ಹರ್ಸ್ಟ್ ಅವರ ನ್ಯೂಯಾರ್ಕ್ ಜರ್ನಲ್ 'ಇದು ಶತ್ರುವಿನ ಕೆಲಸ' ಅಂತ ಮುಖಪುಟದಲ್ಲಿ ಹೊಡೆದು, ಅಪರಾಧಿನ ಹಿಡಿದುಕೊಟ್ಟೋರಿಗೆ 50,000 ಡಾಲರ್ ಬಹುಮಾನನೂ ಇಟ್ಟುಬಿಡ್ತು. ಏಪ್ರಿಲ್‌ನಲ್ಲಿ ಸ್ಪೇನ್ ಮೇಲೆ ಯುದ್ಧ ಶುರು. (1976ರಲ್ಲಿ ಅಮೆರಿಕದ ನೌಕಾಪಡೆಯ ಅಡ್ಮಿರಲ್ ರಿಕೋವರ್ ಮಾಡಿಸಿದ ಅಧ್ಯಯನದ ಪ್ರಕಾರ ಸ್ಫೋಟ ಹೆಚ್ಚುಕಮ್ಮಿ ಹಡಗಿನ ಒಳಗಿಂದಲೇ ಆಗಿದ್ದು, ಬಹುಶಃ ಕಲ್ಲಿದ್ದಲಿಗೆ ಬೆಂಕಿ ಬಿದ್ದು.)

ಈ ಜರ್ನಲ್‌ಗೂ ಪುಲಿಟ್ಜರ್ ಅವರ ವರ್ಲ್ಡ್ ಪೇಪರ್‌ಗೂ ಹಾವು ಮುಂಗುಸಿ ಸಂಬಂಧ. ನಮ್ಮ ಸುದ್ದೀನ ಇವರು ಕದೀತಿದಾರೆ ಅಂತ ಜರ್ನಲ್‌ನೋರಿಗೆ ಅನುಮಾನ ಬಂದು ಒಂದು ಬಲೆ ಬೀಸಿದ್ರು, ಕ್ಯೂಬಾ ಯುದ್ಧದಲ್ಲಿ ರೆಫ್ಲೈಪ್ ಡಬ್ಲ್ಯು ಥೆನೂಜ್ ಅನ್ನೋ ಆಸ್ಟ್ರಿಯಾದ ಕರ್ನಲ್ ಗಾಯಗೊಂಡು ಸತ್ತ ಅಂತ ಒಂದು ಸುದ್ದಿ ಹಾಕಿದ್ರು. ಅಂಥ ಮನುಷ್ಯ ಹುಟ್ಟೇ ಇರಲಿಲ್ಲ! ವರ್ಲ್ಡ್‌ನೋರು ಹಿಂದೆಮುಂದೆ ನೋಡದೆ ಆ ಕರ್ನಲ್‌ನ ತಮ್ಮ ಪೇಪರ್‌ನಲ್ಲೂ ಸಾಯಿಸಿದ್ರು. ಆಮೇಲೆ ಜರ್ನಲ್ ಗುಟ್ಟು ಬಿಟ್ಟುಕೊಡ್ತು, ಆ ಹೆಸರಿನ ಮೊದಲ ಭಾಗದ ಇಂಗ್ಲಿಷ್ ಅಕ್ಷರಗಳನ್ನ ಉಲ್ಟಾ ಓದಿದ್ರೆ 'ವಿ ಪಿಲ್ಫರ್', ಥೆನೂಜ್ ಅಂದ್ರೆ 'ದ ನ್ಯೂಸ್', ಒಟ್ಟು 'ನಾವು ಸುದ್ದಿ ಕದೀತೀವಿ' ಅಂತ. ಇಲ್ಲದ ಕರ್ನಲ್‌ಗೆ ಸ್ಮಾರಕ ಕಟ್ಟೋಣ ಅಂತ ಜರ್ನಲ್ ಅಭಿಯಾನ ಬೇರೆ ನಡೆಸ್ತು. ಪೇಪರ್ ಇತಿಹಾಸದಲ್ಲಿ ಇಷ್ಟು ಮಜವಾಗಿ ಕಳ್ಳನ್ನ ಹಿಡಿದಿದ್ದು ನಂಗಂತೂ ಬೇರೆ ಗೊತ್ತಿಲ್ಲ.

ಇದು ಪೇಪರ್‌ನೋರ ನಡುವಿನ ಜಗಳ ಬಿಡಿ. 1918ರ ನವೆಂಬರ್ 7ರಂದು ಮೋಸ ಹೋಗಿದ್ದು ಇಡೀ ಅಮೆರಿಕನೇ. ಯುನೈಟೆಡ್ ಪ್ರೆಸ್ ಅನ್ನೋ ಸುದ್ದಿಸಂಸ್ಥೆಯ ಮುಖ್ಯಸ್ಥ ರಾಯ್ ಹೊವರ್ಡ್ ಊರಿಗೆ ಹೋಗೋಕೆ ಹಡಗು ಹತ್ತೋಣ ಅಂತ ಫ್ರಾನ್ಸಿನ ಬ್ರೆಸ್ಟ್ ಬಂದರಿಗೆ ಬಂದಿದ್ರು. ಅಲ್ಲಿದ್ದ ಅಮೆರಿಕದ ಅಡ್ಮಿರಲ್ ವಿಲ್ಸನ್ ಕೈಗೆ ಪ್ಯಾರಿಸ್‌ನಿಂದ ಒಂದು ತಂತಿ ಬಂತು, ಕದನವಿರಾಮಕ್ಕೆ ಸಹಿ ಬಿತ್ತು ಅಂತ. ಅಡ್ಮಿರಲ್ಲೇ ಹೇಳಿದ ಮೇಲೆ ಇನ್ನೇನು, ಹೊವರ್ಡ್ ಸೀದಾ ನ್ಯೂಯಾರ್ಕ್‌ಗೆ ಕೇಬಲ್ ಕಳಿಸಿದ್ರು. 'ಯುದ್ಧ ಮುಗೀತು' ಅಂತ ಆಳೆತ್ತರದ ಅಕ್ಷರಗಳಲ್ಲಿ ಪೇಪರ್‌ಗಳು ಅಚ್ಚಾದ್ವು, ಜನ ಕೆಲಸ ಬಿಟ್ಟು ಬೀದಿಗೆ ಬಂದು ಕುಣಿದ್ರು, ಮಹಡಿ ಮೇಲಿಂದ ಕಾಗದದ ಚೂರು ಸುರಿದ್ರು. ಅಸಲಿಗೆ ಸಂಧಾನಕ್ಕೆ ಹೊರಟಿದ್ದ ಜರ್ಮನ್ ನಿಯೋಗ ಫ್ರೆಂಚ್ ಸೇನೆಯ ಗೆರೆ ದಾಟಿದ್ದೇ ಆವತ್ತು ಸಂಜೆ! ಸಹಿ ಬಿದ್ದಿದ್ದು 11ಕ್ಕೆ. ನ್ಯೂಯಾರ್ಕ್‌ನಲ್ಲಿ ಸಂಭ್ರಮ ಮುಗಿದ ಮೇಲೂ ನಾಲ್ಕು ದಿನ ಕಂದಕಗಳಲ್ಲಿ ಹುಡುಗ್ರು ಸಾಯ್ತಾನೇ ಇದ್ರು, ಅದನ್ನ ನೆನೆಸ್ಕೊಂಡ್ರೆ ಸಂಕಟ ಆಗುತ್ತೆ.

ಸುಳ್ಳು ಸುದ್ದಿ ಕಥೆ ಹೀಗಾದ್ರೆ ನಿಜ ಬರೆದೂ ಫಜೀತಿ ಮಾಡಿದೋರಿದ್ದಾರೆ. 1942ರ ಜೂನ್ 7ಕ್ಕೆ ಶಿಕಾಗೋ ಟ್ರಿಬ್ಯೂನ್, ಮಿಡ್‌ವೇ ದ್ವೀಪದ ಮೇಲಿನ ಜಪಾನಿನ ದಾಳಿ ಪ್ಲಾನ್ ನಮ್ಮ ನೌಕಾಪಡೆಗೆ ಮೊದಲೇ ಗೊತ್ತಿತ್ತು ಅಂತ ಬರೆದುಬಿಡ್ತು. ಜಪಾನಿನ ಸಂಕೇತಲಿಪಿನ ಅಮೆರಿಕ ಒಡೆದಿದೆ ಅನ್ನೋದು ಪರಮ ಗುಟ್ಟು, ಸ್ವಲ್ಪ ತಲೆ ಓಡಿಸಿದ್ರೆ ಆ ಸುದ್ದಿಯಿಂದಲೇ ಹೊಳೆಯೋ ಹಾಗಿತ್ತು. ಸರ್ಕಾರ ಕೆಂಡಾಮಂಡಲ ಆಗಿ ಕೇಸ್ ಹಾಕೋಕೆ ಹೋಯ್ತು, ಆದ್ರೆ ಕೇಸ್ ನಡೆಸಬೇಕಾ ಬೇಡವಾ ಅಂತ ತೀರ್ಮಾನಿಸೋ ಗ್ರ್ಯಾಂಡ್ ಜ್ಯೂರಿ ಮುಂದೆ ಇದರಲ್ಲಿ ಏನು ಗುಟ್ಟಿತ್ತು ಅಂತ ಹೇಳಿದ್ರೆ ಆ ಗುಟ್ಟೇ ರಟ್ಟಾಗುತ್ತಲ್ಲ, ನೌಕಾಪಡೆ ಬಾಯಿ ಬಿಡಲಿಲ್ಲ, ಕೇಸ್ ಅಲ್ಲಿಗೇ ಬಿದ್ದೋಯ್ತು. ಜಪಾನಿನೋರು ಅದನ್ನ ಓದಿ ಎಚ್ಚೆತ್ತುಕೊಂಡ್ರು ಅನ್ನೋಕೆ ಸಾಕ್ಷಿ ಇಲ್ಲ, ಅದು ಅಮೆರಿಕದ ಪುಣ್ಯ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕಥೆ 1944ರ ಅಕ್ಟೋಬರ್‌ದು. ಫಾರ್ಮೋಸಾ, ಅಂದ್ರೆ ಈಗಿನ ತೈವಾನ್ ಹತ್ತಿರ ಜಪಾನಿನ ವಿಮಾನಗಳು ಅಮೆರಿಕದ ನೌಕಾಪಡೆ ಮೇಲೆ ದಾಳಿ ಮಾಡಿದ್ವು. ಪೈಲಟ್‌ಗಳಲ್ಲಿ ತುಂಬ ಜನ ಹೊಸ ಹುಡುಗ್ರು. ಕತ್ತಲಲ್ಲಿ ನೀರಿನ ಮೇಲೆ ಬೆಂಕಿ ಕಂಡ್ರೆ ಶತ್ರು ಹಡಗು ಉರೀತಿದೆ ಅಂದ್ಕೊಂಡ್ರು, ಎಷ್ಟೋ ಸಲ ಅಲ್ಲಿ ಉರೀತಿದ್ದಿದ್ದು ಅವರದ್ದೇ ವಿಮಾನ. ಬಂದೋರೆಲ್ಲ ನಾನೊಂದು ಮುಳುಗಿಸಿದೆ ನಾನೊಂದು ಮುಳುಗಿಸಿದೆ ಅಂದ್ರು, ಮೇಲಿನೋರು ಕೂಡಿಸ್ತಾ ಹೋದ್ರು, ಕೊನೆಗೆ 11 ವಿಮಾನವಾಹಕ ನೌಕೆ ಮುಳುಗಿಸಿದೀವಿ ಅಂತ ಘೋಷಣೆ ಆಯ್ತು. ಪೇಪರ್‌ಗಳಲ್ಲಿ ಮಹಾವಿಜಯ, ಊರೂರಲ್ಲಿ ಸಂಭ್ರಮ, ಚಕ್ರವರ್ತಿಯಿಂದ ಅಭಿನಂದನೆ. ನಿಜವಾಗಿ ಮುಳುಗಿದ್ದು ಸೊನ್ನೆ. ಕ್ಯಾನ್‌ಬೆರಾ, ಹ್ಯೂಸ್ಟನ್ ಅನ್ನೋ ಎರಡು ಕ್ರೂಸರ್‌ಗಳಿಗೆ ಜೋರು ಏಟು ಬಿದ್ದಿತ್ತು ಅಷ್ಟೇ. ಟೋಕಿಯೋ ರೇಡಿಯೋ ಕೇಳಿ ಅಮೆರಿಕದ ಅಡ್ಮಿರಲ್ ಹಾಲ್ಸಿ ಕಳಿಸಿದ ಸಂದೇಶ ಫೇಮಸ್ಸು: ಮುಳುಗಿದ ನಮ್ಮ ಹಡಗುಗಳನ್ನೆಲ್ಲ ಮೇಲೆತ್ತಿ ಆಗಿದೆ, ಈಗ ಅವು ಶತ್ರುವಿನ ಕಡೆಗೇ ಫುಲ್ ಸ್ಪೀಡಲ್ಲಿ 'ಹಿಂದೆ ಸರೀತಿವೆ' ಅಂತ.

ಇಲ್ಲೀವರೆಗೂ ನಗಬಹುದು. ಕೆಲವೇ ದಿನದಲ್ಲಿ ಜಪಾನಿನ ವಿಮಾನಗಳಿಗೆ ಅದೇ ಅಮೆರಿಕದ ಹಡಗುಗಳು ಕಣ್ಣಿಗೆ ಬಿದ್ವು. ನೌಕಾಪಡೆಗೆ ಸತ್ಯ ಗೊತ್ತಾಯ್ತು, ಆದ್ರೆ ಮರ್ಯಾದೆ ಪ್ರಶ್ನೆ, ತಮ್ಮದೇ ಭೂಸೇನೆಗೆ ಹೇಳಲೇ ಇಲ್ಲ. ಸೇನೆಯೋರು ಪೇಪರ್‌ನಲ್ಲಿ ಬಂದಿದ್ದೇ ಸತ್ಯ ಅಂತ ನಂಬಿ, ಲುಜಾನ್ ದ್ವೀಪದಲ್ಲಿ ಮಾಡಬೇಕಿದ್ದ ನಿರ್ಣಾಯಕ ಯುದ್ಧನ ಲೇಟೆ ದ್ವೀಪಕ್ಕೆ ಬದಲಾಯಿಸಿದ್ರು. ಫಿಲಿಪ್ಪೀನ್ಸ್‌ನಲ್ಲಿದ್ದ ಜನರಲ್ ಯಮಾಶಿತಾ ಬೇಡ ಅಂದ್ರೂ ಕೇಳಲಿಲ್ಲ. ಮುಳುಗಿಹೋಗಿದೆ ಅಂದ್ಕೊಂಡಿದ್ದ ನೌಕಾಪಡೆ ಎದುರಿಗೆ ಬಂದು ನಿಂತಿತ್ತು, ಲೇಟೆಗೆ ಕಳಿಸಿದ ಹತ್ತಾರು ಸಾವಿರ ಸೈನಿಕರು ವಾಪಸ್ ಬರಲಿಲ್ಲ. ಸರಿಯಾಗಿ ನೋಡದೆ ಸಾರಿ, ಗೊತ್ತಾದ ಮೇಲೂ ಮುಚ್ಚಿಟ್ಟ ಸುಳ್ಳು ಕಡೆಗೆ ಕುತ್ತಿಗೆಗೆ ಬಂದಿದ್ದು ಸ್ವಂತದವರಿಗೇ. ಇದನ್ನ ಮೊದಲ ಸಲ ಓದಿದಾಗಿಂದ ಯುದ್ಧದ ಯಾವ ಹೆಡ್‌ಲೈನ್ ನೋಡಿದ್ರೂ ನಂಗೆ ಲೇಟೆನೇ ನೆನಪಾಗುತ್ತೆ.

1982ರಲ್ಲಿ ಅರ್ಜೆಂಟೀನಾದಲ್ಲೂ ಆಗಿದ್ದು ಇದೇ. ಬ್ರಿಟನ್ ಜೊತೆ ನಡೆದ ಫಾಕ್‌ಲ್ಯಾಂಡ್ಸ್ ಯುದ್ಧದ ಮಧ್ಯೆ ಹೆಂತೆ ಅನ್ನೋ ಪತ್ರಿಕೆ ಮೇ ತಿಂಗಳಲ್ಲಿ 'ನಾವು ಗೆಲ್ತಿದೀವಿ' ಅಂತ ಮುಖಪುಟ ಹಾಕ್ತು, ಅದೇ ತಿಂಗಳ ಕೊನೆಗೆ ಮತ್ತೆ 'ಇನ್ನೂ ಗೆಲ್ತಾನೇ ಇದೀವಿ'. ಜೂನ್ 14ಕ್ಕೆ ಶರಣಾಗತಿ. ಅಷ್ಟು ದಿನ ಗೆಲುವಿನ ಕಥೆ ಕೇಳ್ಕೊಂಡು ಕೂತಿದ್ದ ಜನ ಬ್ಯೂನಸ್ ಐರಿಸ್‌ನಲ್ಲಿ ಬೀದಿಗಿಳಿದು ಗಲಾಟೆ ಎಬ್ಬಿಸಿದ್ರು, ಕೆಲವೇ ದಿನಕ್ಕೆ ಸರ್ವಾಧಿಕಾರಿ ಗಾಲ್ತಿಯೆರಿ ಕುರ್ಚಿ ಹೋಯ್ತು, ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಆ ದೇಶದ ಜನ ಸಾಲಲ್ಲಿ ನಿಂತು ಓಟು ಹಾಕಿ ತಮ್ಮ ಸರ್ಕಾರನ ತಾವೇ ಆರಿಸ್ಕೊಂಡ್ರು.