ಮೊದಲ ಉಡ: ಆಕಿ ಗಟ್ಟಿಯಾಯಿತು, ಗೂಡಿನ ಕೆಲಸ ನಡೀತಾ ಇದೆ

ಮನೆಯಲ್ಲಿ ಸಾಕಿ ಮರಿ ಮಾಡಿಸಲು ಯಾವ ಜಾತಿಯ ಉಡ ಅಂತ ಕೊನೆಗೂ ತೀರ್ಮಾನ ಆಯಿತು. ಆಸ್ಟ್ರೇಲಿಯಾದ ಆಕಿ ಮಾನಿಟರ್ (ಮಾನಿಟರ್ ಅಂದರೆ ಉಡ). ಬಾಲದ ತುಂಬ ಮುಳ್ಳು, ಬಾಲ ಸೇರಿ ಎರಡಡಿ ಉದ್ದದ ಸಣ್ಣ ಉಡ.

"ಎಂತ ಮಾರಾಯ, ತೋಟದಲ್ಲೇ ಉಡ ಓಡಾಡ್ತದಲ್ಲ, ಒಂದು ಹಿಡಿದು ಸಾಕು" ಅಂತ ಇಲ್ಲಿ ಮಂಗಳೂರಿನಲ್ಲಿ ಸುಮಾರು ಜನ ಹೇಳಿದರು. ನಮ್ಮ ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿ. ಹಿಡಿದರೆ ಕನಿಷ್ಠ 3 ವರ್ಷ ಜೈಲು. ಆ ಕಾನೂನು ಇಲ್ಲದಿದ್ದರೂ ನಾನು ಮುಟ್ಟುತ್ತಿರಲಿಲ್ಲ. ತೋಟದ ಉಡ ತೋಟದಲ್ಲೇ ಇರಲಿ. ನೀರಿನ ಬಳಿ ಇರುವ ದೊಡ್ಡ ಉಡ, ವಾಟರ್ ಮಾನಿಟರ್ ಕೂಡ ಅದೇ ಪಟ್ಟಿಯಲ್ಲಿದೆ, ಅದರ ಮಾತೇ ಇಲ್ಲ.

ಆಫ್ರಿಕಾದ ಸವಾನಾ ಮಾನಿಟರ್ ಮೇಲೆ ಮನಸ್ಸಿತ್ತು. ಆದರೆ ಹೊರದೇಶಗಳಲ್ಲಿ ಮಾರಾಟಕ್ಕೆ ಬರುವ ಹೆಚ್ಚಿನ ಮರಿಗಳು ಕಾಡಿನ ತಾಯಿಯ ಮೊಟ್ಟೆಯವು. ಸಾಕಿದಲ್ಲೇ ಮರಿ ಮಾಡಿಸಿದವರು ತೀರಾ ಕಡಿಮೆ. ಆಸ್ಟ್ರೇಲಿಯಾ ತನ್ನ ಪ್ರಾಣಿಗಳನ್ನು ವ್ಯಾಪಾರಕ್ಕೆ ಹೊರಗೆ ಬಿಡುವುದಿಲ್ಲ. ಹಾಗಾಗಿ ಯುರೋಪು, ಅಮೆರಿಕದ ಹೆಚ್ಚಿನ ಆಕಿಗಳು ತಲೆಮಾರುಗಳಿಂದ ಸಾಕಿದಲ್ಲೇ ಹುಟ್ಟಿದವು. ಮರಿ ಮಾಡಿಸಬೇಕು ಅಂದುಕೊಂಡವನಿಗೆ ಅದಕ್ಕಿಂತ ಒಳ್ಳೆಯ ಕಾರಣ ಬೇಡ ಅಲ್ವಾ?

ಗೂಡು 6 ಅಡಿ ಉದ್ದ, 3 ಅಡಿ ಅಗಲ. ಒಳಗೆ ಒಂದೂವರೆ ಅಡಿ ಮಣ್ಣು. ಮಣ್ಣೇ ಒಂದು ಟನ್ನಿಗಿಂತ ಜಾಸ್ತಿ ತೂಗುತ್ತದೆ, ಮಹಡಿ ಮೇಲೆ ಇಡುವ ಹಾಗಿಲ್ಲ. ಮರದ ಪೆಟ್ಟಿಗೆಯನ್ನು ಗೆದ್ದಲು ಬಿಡುವುದಿಲ್ಲ. ಅದಕ್ಕೇ ನೆಲದಲ್ಲೇ ಕೆಂಪು ಕಲ್ಲು ಕಟ್ಟಿ ಒಳಗೆ ಸಿಮೆಂಟ್ ಸಾರಿಸಿದ್ದೇನೆ. ಮಣ್ಣಿನ ವಿಷಯದಲ್ಲಿ ರಾಜಿ ಇಲ್ಲ. ಹೆಣ್ಣು ಆಳಕ್ಕೆ ತೋಡಿ ಮೊಟ್ಟೆ ಇಡುತ್ತದೆ. ಜಾಗ ಹಿಡಿಸದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಉಳಿದು ಸತ್ತೇ ಹೋಗಬಹುದು. ಬರೀ ಹೊಯ್ಗೆ ಹಾಕಿ ನೋಡಿದೆ, ಬಿಲ ಕುಸಿಯಿತು. ಜರಡಿ ಹಿಡಿದ ಕೆಂಪು ಮಣ್ಣು ಬೆರೆಸಿ, ನೀರು ಚಿಮುಕಿಸಿ, ಗುದ್ದಿ ಕೂರಿಸಿದ ಮೇಲೆ ಮೊಣಕೈವರೆಗೆ ತೋಡಿದರೂ ಬಿಲದ ಬಾಯಿ ಹಾಗೇ ನಿಂತಿತು. ಒಳಗೆ ಕೈ ಇಟ್ಟರೆ ತಂಪು, ಆದರೆ ಅಂಗೈಗೆ ನೀರು ಅಂಟುವುದಿಲ್ಲ. ನನಗೆ ಬೇಕಾಗಿದ್ದದ್ದು ಇದೇ.

ಬಿಸಿಲು ಕಾಯುವ ಜಾಗಕ್ಕೆ ಹಳೆ ಮನೆಯ ಮಂಗಳೂರು ಹಂಚು. ಸಣ್ಣ ಕಲ್ಲಿನ ತುಂಡು ನಡುವೆ ಇಟ್ಟು ಒಂದರ ಮೇಲೊಂದು ಪೇರಿಸಿದ್ದೇನೆ. ಮೇಲೆ ಹ್ಯಾಲೊಜೆನ್ ದೀಪ. ಮೇಲಿನ ಹಂಚು 60 ಡಿಗ್ರಿ ಮುಟ್ಟುತ್ತದೆ, ಕೆಳಗಿಳಿದಂತೆ ಪ್ರತಿ ಸಂದಿಯಲ್ಲೂ ಬಿಸಿ ಕಡಿಮೆ. ಆಕಿಗೆ ಅಷ್ಟು ಬಿಸಿ ಬೇಕು, ಆದರೆ ಎಷ್ಟು ಹೊತ್ತು ಬೇಕು ಅಂತ ಅದೇ ಆರಿಸಿಕೊಳ್ಳಬೇಕು.

ನನ್ನ ತಲೆ ತಿನ್ನುತ್ತಿರುವುದು ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ, ಇನ್‌ಕ್ಯುಬೇಟರ್. ಮೊಟ್ಟೆಗೆ ಬೇಕಾದದ್ದು 28ರಿಂದ 30 ಡಿಗ್ರಿ, ಅದೂ ತಿಂಗಳುಗಟ್ಟಲೆ. ಏಪ್ರಿಲ್-ಮೇ ಸೆಕೆಯಲ್ಲಿ ನಮ್ಮ ಕೋಣೆಯೇ ಅದನ್ನು ದಾಟುತ್ತದೆ. ಸಾಮಾನ್ಯ ಇನ್‌ಕ್ಯುಬೇಟರ್ ಬಿಸಿ ಮಾಡುತ್ತದೆ, ತಂಪು ಮಾಡುವುದಿಲ್ಲ. ತಂಪೂ ಮಾಡುವ ಸಣ್ಣ ಪೆಟ್ಟಿಗೆ ಹುಡುಕುತ್ತಿದ್ದೇನೆ. ಅದು ಇನ್ವರ್ಟರ್ ಮೇಲೇ ಓಡಬೇಕು, ಮಳೆಗಾಲದ ಕರೆಂಟ್ ನಂಬುವ ಹಾಗಿಲ್ಲ.

ಕಾಗದದ ಕೆಲಸ ಬಾಕಿ. ಅದೇ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಹೊರದೇಶದ ಪ್ರಾಣಿಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ದಾಖಲೆ ಇಲ್ಲದ ಮರಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಅಲ್ಲಿವರೆಗೆ ಖಾಲಿ ಗೂಡಿನಲ್ಲೇ ದೀಪ ಉರಿಯಲಿ. ಒಂದು ಮಳೆಗಾಲ ದಾಟಿದ ಮೇಲೆ ಆ ಮಣ್ಣು ಹೇಗಿರುತ್ತದೆ ಅಂತಲೂ ನೋಡಬೇಕಿದೆ.