ಕಂಡವರಿಲ್ಲ, ಕಾಗದವಿಲ್ಲ: ಯಾರನ್ನು ನಂಬುವುದು?

ಸಿದ್ದಾಪುರ, ಸುಂಟಿಕೊಪ್ಪದ ಕಡೆ ಕಾಫಿ ತೋಟಗಳ ಉಸ್ತುವಾರಿ ನೋಡಿಕೊಂಡು ಬಂದವನು ನಾನು. ತೋಟದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು, ಹೋಂಸ್ಟೇ ನಡೆಸುವವರು, ಮಡಿಕೇರಿಯ ಕಚೇರಿಗಳಲ್ಲಿರುವ ನೆಂಟರು, ಎಲ್ಲರೂ ಕೇಳುವುದು ಒಂದನ್ನೇ: ‘ಒಬ್ಬರು ಹೌದೆನ್ನುತ್ತಾರೆ, ಇನ್ನೊಬ್ಬರು ಇಲ್ಲವೆನ್ನುತ್ತಾರೆ. ಸಾಕ್ಷಿ ಏನೂ ಇಲ್ಲ. ಯಾರನ್ನು ನಂಬುವುದು?’

ಆ ಪ್ರಶ್ನೆಯನ್ನು ಮೊದಲು ಎತ್ತಬೇಡಿ ಎಂದು ಹೇಳುತ್ತೇನೆ. ನಾನು ಎತ್ತಿ ಕೆಟ್ಟಿದ್ದೇನೆ. ಒಬ್ಬನನ್ನು ಸುಳ್ಳುಗಾರ ಎಂದು ಮನಸ್ಸಿನಲ್ಲಿ ಬರೆದುಕೊಂಡ ಮೇಲೆ ಅವನ ಬೆವರು, ತೊದಲು, ಮೌನ ಎಲ್ಲವೂ ಸಾಕ್ಷಿಯಂತೆಯೇ ಕಾಣತೊಡಗುತ್ತವೆ.

ಒಂದು ಜನವರಿ, ರೊಬಸ್ಟಾ ಕಾಫಿಯ ಕೊಯ್ಲಿನ ಸಮಯ. ಕಿಲೋ ಲೆಕ್ಕದ ಕೂಲಿ. ಸಂಜೆ ಕಣದ ಬಳಿ ತೂಕ ನಡೆಯುವಾಗ ಕರೆಂಟ್ ಹೋಯಿತು. ತೋಟದ ಲೆಕ್ಕ ಬರೆಯುವ ರೈಟರ್ ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಅದರ ಬೆಳಕಿನಲ್ಲಿ ಮುಳ್ಳು ನೋಡಿ ಪುಸ್ತಕಕ್ಕೆ ಏರಿಸುತ್ತಾ ಹೋದರು. ಮರುದಿನ ಬೆಳಿಗ್ಗೆ ಒಬ್ಬ ಹೆಂಗಸು ಬಂದರು. ‘ನನ್ನದು 84 ಕಿಲೋ ಸಾರ್, ಪುಸ್ತಕದಲ್ಲಿ 64 ಇದೆ.’ ಅಷ್ಟರಲ್ಲಿ ಅವರ ಚೀಲದ ಹಣ್ಣು ರಾಶಿಯಲ್ಲಿ ಬೆರೆತುಹೋಗಿತ್ತು. ಮತ್ತೆ ತೂಗುವ ದಾರಿ ಇರಲಿಲ್ಲ.

ಮಾಲೀಕರು ‘ಪುಸ್ತಕವೇ ಸಾಕ್ಷಿ’ ಎಂದರು. ಆದರೆ ಪುಸ್ತಕದಲ್ಲಿದ್ದದ್ದೂ ರೈಟರ ಮಾತೇ, ಶಾಯಿಯಲ್ಲಿತ್ತು ಅಷ್ಟೇ. ಆಳುಗಳ ಮೇಸ್ತ್ರಿಯವರು, ದೇವಿ ಕಾವೇರಮ್ಮನ ಮೇಲೆ ಆಣೆ ಮಾಡಿಸೋಣ ಎಂದರು. ಅದನ್ನು ನಾನು ಎಂದೂ ಒಪ್ಪಿಲ್ಲ. ದೇವರಿಗೆ ಹೆದರುವವರು ನಿಜ ಹೇಳುತ್ತಿದ್ದರೂ ಆಣೆಗೆ ಹಿಂಜರಿಯುತ್ತಾರೆ, ಹೆದರದವರು ಆಣೆ ಇಟ್ಟು ನಡೆದುಬಿಡುತ್ತಾರೆ.

ಅಂದೇ ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ, ಓದಿ ಹೇಳಿದೆ, ರುಜು ಹಾಕಿಸಿದೆ. ಎರಡು ದಿನ ಕಳೆದರೆ ನೆನಪಿಗೆ ಕಾರ್ಮಿಕರು ವಾಸಿಸುವ ಲೈನ್ ಮನೆಯ ಹತ್ತು ಜನರ ಮಾತು ಸೇರಿಕೊಳ್ಳುತ್ತದೆ. ಭಾಷೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಸ್ಸಾಮಿನಿಂದ ಬಂದ ಕಾರ್ಮಿಕನ ಮಾತನ್ನು ಅವನ ಮೇಸ್ತ್ರಿಯಿಂದಲೇ ಅನುವಾದ ಮಾಡಿಸಿ, ಆ ಮೇಸ್ತ್ರಿಯ ಮೇಲಿನ ದೂರನ್ನೇ ವಿಚಾರಿಸಿದ್ದನ್ನು ಕಂಡಿದ್ದೇನೆ. ಚೆನ್ನಾಗಿ ಕನ್ನಡ ಬಲ್ಲವನ ಮಾತೇ ಸತ್ಯವಾಗಿಬಿಡುವುದು ಘೋರ ಅನ್ಯಾಯ.

ಕೆಲಸದಿಂದ ತೆಗೆಯುವಂಥ ಆರೋಪವಾದರೆ ಕ್ರಮಬದ್ಧ ವಿಚಾರಣೆ ನಡೆಯಲೇಬೇಕು. ಅಲ್ಲಿ ಕ್ರಿಮಿನಲ್ ಕೋರ್ಟಿನಂತೆ ಸಂಶಯಕ್ಕೆ ಎಡೆಯಿಲ್ಲದ ರುಜುವಾತು ಬೇಕಿಲ್ಲ, ಯಾವುದು ಹೆಚ್ಚು ಸಂಭವನೀಯ ಎಂದು ತೂಗಿ ನೋಡಿದರೆ ಸಾಕು. ಆದರೆ ತೂಗಲು ಏನಾದರೂ ಇರಬೇಕು. ಬರಿಯ ಗುಮಾನಿಗೆ ತೂಕವಿಲ್ಲ.

ಹೆಣ್ಣುಮಕ್ಕಳು ಲೈಂಗಿಕ ಕಿರುಕುಳದ ದೂರು ತಂದರಂತೂ ಮ್ಯಾನೇಜರ್ ತಾನೇ ಪಂಚಾಯಿತಿ ಮಾಡಕೂಡದು. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನರಿರುವಲ್ಲಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಆಕೆಯೇ ಕೇಳದೆ ರಾಜಿಯ ಮಾತೆತ್ತುವಂತಿಲ್ಲ, ಹಣ ಕೊಟ್ಟು ರಾಜಿ ಮಾಡುವಂತಿಲ್ಲ. ಆ ಕಾಯ್ದೆಯ 14ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತದೆ: ದೂರನ್ನು ರುಜುವಾತು ಮಾಡಲು ಆಗಲಿಲ್ಲ ಎಂಬುದಷ್ಟರಿಂದಲೇ ದೂರು ಕೊಟ್ಟವಳ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ. ‘ಸಾಬೀತಾಗಲಿಲ್ಲ’ ಬೇರೆ, ‘ಸುಳ್ಳು’ ಬೇರೆ. ಉಳಿದ ಜಗಳಗಳಲ್ಲೂ ನಾನು ಹಿಡಿದುಕೊಂಡಿರುವುದು ಈ ಭೇದವನ್ನೇ.

ತೂಕದ ವಿಷಯದಲ್ಲಿ ಇಬ್ಬರನ್ನೂ ಎದುರಿಗೆ ನಿಲ್ಲಿಸಿ ಹೇಳಿದೆ: ‘ನಿಜ ಯಾವುದೆಂದು ನನಗೆ ತಿಳಿಯಲಿಲ್ಲ. ಬೆಳಕಿಲ್ಲದೆ ತೂಗಿಸಿದ್ದು ತೋಟದ ತಪ್ಪು. ಇಪ್ಪತ್ತು ಕಿಲೋದ ಕೂಲಿಯನ್ನು ತೋಟ ಕೊಡುತ್ತದೆ. ರೈಟರ ಹೆಸರಿನ ಮೇಲೆ ಏನನ್ನೂ ಬರೆಯುವುದಿಲ್ಲ.’ ಅಂದಿನಿಂದ ತೂಕವನ್ನು ಗಟ್ಟಿಯಾಗಿ ಕೂಗಿ, ಚೀಟಿ ಕೈಗೆ ಕೊಟ್ಟ ಮೇಲೆಯೇ ಚೀಲ ಸುರಿಯಬೇಕು ಎಂದು ಮಾಡಿದೆವು. ಕಣಕ್ಕೆ ಒಂದು ಚಾರ್ಜರ್ ದೀಪವೂ ಬಂತು.

ಇಬ್ಬರಿಗೂ ಸಮಾಧಾನವಾಗಲಿಲ್ಲ. ಹಣ ಕೊಟ್ಟದ್ದೇ ತನ್ನನ್ನು ಕಳ್ಳನೆಂದಂತೆ ಎಂದು ರೈಟರು ಎರಡು ವಾರ ನನ್ನ ಮುಖ ನೋಡಲಿಲ್ಲ. ಆ ನೋವು ಸುಳ್ಳಲ್ಲ; ಅದನ್ನು ತಪ್ಪಿಸುವ ದಾರಿ ನನಗೆ ಇಂದಿಗೂ ಸಿಕ್ಕಿಲ್ಲ. ಆ ಹೆಂಗಸು ಸಂಬಳದ ದಿನ ಹಣ ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತರು.

‘ಹಣ ಬಂತು ಸಾರ್. ನನ್ನ ಮಾತು ನಂಬಿದಿರೋ ಇಲ್ಲವೋ, ಅದನ್ನು ಹೇಳಲಿಲ್ಲ.’

‘ನಾನು ಅಲ್ಲಿರಲಿಲ್ಲ ಅಮ್ಮ’ ಎಂದೆ. ‘ಇನ್ನು ತೂಕದ ಹೊತ್ತಿಗೆ ಇರುತ್ತೇನೆ.’

ಕೊಯ್ಲು ಮುಗಿಯುವವರೆಗೂ ಪ್ರತಿ ಸಂಜೆ ಕಣದಲ್ಲಿ ನಿಂತೆ.