ಆಂಟನಿ ಗೊನ್ಸಾಲ್ವಿಸ್ ಅಂತ ನಿಜವಾಗ್ಲೂ ಯಾರಾದ್ರೂ ಇದ್ರಾ?

ಗಣೇಶನ ಪೆಂಡಾಲು, ಮದುವೆ ರಿಸೆಪ್ಷನ್ನು, ಎಲ್ಲಿ ಆರ್ಕೆಸ್ಟ್ರಾ ಇದ್ರೂ ಪಿಟೀಲು ನುಡಿಸೋಕೆ ಹೋಗ್ತೀನಿ. ‘ಮೈ ನೇಮ್ ಈಸ್ ಆಂಟನಿ ಗೊನ್ಸಾಲ್ವಿಸ್’ ಅನ್ನೋ ಹಿಂದಿ ಸಿನಿಮಾ ಹಾಡು ಮುಗಿಸಿ ಸ್ಟೇಜ್ ಇಳಿದ್ರೆ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ಸರ್ ಆ ಹೆಸರಿನವ್ರು ನಿಜವಾಗ್ಲೂ ಇದ್ರಾ, ಇಲ್ಲ ಸಿನಿಮಾದವ್ರು ಸುಮ್ನೆ ಇಟ್ಟಿದ್ದಾ ಅಂತ.

ಇದ್ರು. ಪಿಟೀಲು ಮೇಷ್ಟ್ರು ಅವರು.

ಊರು ಗೋವಾದ ಮಜೋರ್ಡಾ, ಹುಬ್ಬಳ್ಳಿಯಿಂದ ವಾಸ್ಕೋ ಕಡೆ ಟ್ರೈನಲ್ಲಿ ಹೋದವ್ರು ಮಡಗಾಂವ್ ದಾಟಿದ್ಮೇಲೆ ಆ ಬೋರ್ಡು ನೋಡಿರ್ತೀರಿ. ಹುಟ್ಟಿದ್ದು 1927ರಲ್ಲಿ. ಅಪ್ಪ ಚರ್ಚಲ್ಲಿ ಹಾಡು ಕಲಿಸೋರು. ಅಲ್ಲಿನ ಚರ್ಚ್ ಶಾಲೆಗಳಲ್ಲಿ ಮಕ್ಕಳಿಗೆ ಸ್ಟಾಫ್ ನೊಟೇಶನ್ನೂ (ಐದು ಗೆರೆ ಮೇಲೆ ಸ್ವರ ಬರೆಯೋ ಪಾಶ್ಚಾತ್ಯ ಪದ್ಧತಿ) ಪಿಟೀಲೂ ಹೇಳಿಕೊಡ್ತಿದ್ರು, ಅದಕ್ಕೇ ಬಾಂಬೆ ಸ್ಟುಡಿಯೋಗಳಲ್ಲಿ ಅಷ್ಟೊಂದು ಜನ ಗೋವಾದವ್ರು. ಇವರೂ 1943ರಲ್ಲಿ ಬಾಂಬೆಗೆ ಬಂದು ಸಂಗೀತ ನಿರ್ದೇಶಕ ನೌಷಾದ್ ಹತ್ರ ಸೇರ್ಕೊಂಡ್ರು, ಆಮೇಲೆ ಅರೇಂಜರ್ ಆದ್ರು.

ಅರೇಂಜರ್ ಕೆಲಸ ಏನು ಅಂತ ಹೇಳ್ಲೇಬೇಕು. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಹಿಡ್ಕೊಂಡು ಟ್ಯೂನ್ ಹೇಳ್ತಾರೆ, ಅದನ್ನ ಕೇಳಿ ಪಿಟೀಲಿನವ್ರಿಗೆ ಇದು, ಚೆಲ್ಲೋ ಅನ್ನೋ ದೊಡ್ಡ ಪಿಟೀಲಿಗೆ ಇದು, ಟ್ರಂಪೆಟ್ಟಿಗೆ ಇದು ಅಂತ ಬೇರೆ ಬೇರೆ ಹಾಳೆಲಿ ಬರೀಬೇಕು, ಕಮಾನು ಎಲ್ಲಿ ಎಳೀಬೇಕು ಎಲ್ಲಿ ತಳ್ಳಬೇಕು ಅನ್ನೋದೂ ಪೆನ್ಸಿಲಲ್ಲಿ ಗುರುತಾಗ್ಬೇಕು, ಇಲ್ಲಾಂದ್ರೆ ಒಬ್ಬ ಎಳೆಯೋವಾಗ ಪಕ್ಕದವ್ನು ತಳ್ತಾನೆ, ನಾದ ಒಂದಾಗಲ್ಲ. ಇಷ್ಟು ಮಾಡಿದವ್ರ ಹೆಸರು ಎಷ್ಟೋ ಸಲ ಟೈಟಲ್ ಕಾರ್ಡಲ್ಲಿ ಬರ್ತಾನೇ ಇರ್ಲಿಲ್ಲ. ಇದು ನನಗೆ ಇವತ್ತಿಗೂ ಹೊಟ್ಟೆ ಉರಿಸೋ ವಿಷಯ.

ಗೊನ್ಸಾಲ್ವಿಸ್ ಹತ್ರ ಪಿಟೀಲು ಕಲಿತವ್ರಲ್ಲಿ ಮುಂದೆ ಸಂಗೀತ ನಿರ್ದೇಶಕರಾದ ಆರ್.ಡಿ. ಬರ್ಮನ್ ಇದ್ರು, ಪ್ಯಾರೇಲಾಲ್ ಇದ್ರು. ಆದ್ರೆ ಮೇಷ್ಟ್ರಿಗೆ ಇನ್ನೊಂದು ಆಸೆ, ನಮ್ಮ ರಾಗಗಳನ್ನ ಪೂರ್ತಿ ಸಿಂಫನಿ ಆರ್ಕೆಸ್ಟ್ರಾ, ಅಂದ್ರೆ ಪಾಶ್ಚಾತ್ಯ ಶೈಲಿಯ ದೊಡ್ಡ ವಾದ್ಯಮೇಳ, ನುಡಿಸ್ಬೇಕು ಅಂತ. ಸಾರಂಗ್ ರಾಗಕ್ಕೇ ಒಂದು ಕನ್ಸರ್ಟೋ (ಆರ್ಕೆಸ್ಟ್ರಾಗೆ ಅಂತ ಬರೆಯೋ ದೊಡ್ಡ ರಚನೆ) ಬರೆದ್ರು. ಒಂದು ಗಮಕನ, ಅಂದ್ರೆ ಸ್ವರದ ಓಲಾಟನ, ಸ್ಟಾಫ್ ನೊಟೇಶನ್ನಲ್ಲಿ ಹಿಡಿಯೋಕೆ ಕೂತ್ರೆ ನನ್ನ ಅರ್ಧ ರಾತ್ರಿ ಹೋಗುತ್ತೆ, ಅವರು ಇಡೀ ಆರ್ಕೆಸ್ಟ್ರಾಗೆ ಬರೆದವ್ರು! 1958ರಲ್ಲಿ ‘ಇಂಡಿಯನ್ ಸಿಂಫನಿ ಆರ್ಕೆಸ್ಟ್ರಾ’ ಕಟ್ಟಿ ಬಾಂಬೆಯ ಸೇಂಟ್ ಝೇವಿಯರ್ಸ್ ಕಾಲೇಜಲ್ಲಿ ಕಛೇರಿ ಮಾಡ್ಸಿದ್ರು, ಹಾಡಿದವ್ರು ಲತಾ ಮಂಗೇಶ್ಕರ್, ಮನ್ನಾ ಡೇ.

1965ರಲ್ಲಿ ಸಿರಾಕ್ಯೂಸ್ ಯೂನಿವರ್ಸಿಟಿಯ ಗ್ರಾಂಟ್ ಸಿಕ್ಕಿ ಅಮೆರಿಕಕ್ಕೆ ಹೋದ್ರು. ವಾಪಸ್ ಬಂದ್ಮೇಲೆ ಸಿನಿಮಾ ಕಡೆ ಹೋಗ್ಲಿಲ್ಲ, ಮಜೋರ್ಡಾದಲ್ಲೇ ಉಳಿದುಬಿಟ್ರು. 2012ರಲ್ಲಿ ತೀರ್ಕೊಂಡ್ರು.

ಹಾಡು ಬಂದಿದ್ದು 1977ರಲ್ಲಿ, ‘ಅಮರ್ ಅಕ್ಬರ್ ಆಂಟನಿ’ಗೆ. ಸಂಗೀತ ಲಕ್ಷ್ಮೀಕಾಂತ್-ಪ್ಯಾರೇಲಾಲ್, ಅದೇ ಪ್ಯಾರೇಲಾಲ್. ಗುರುಗಳ ಹೆಸರನ್ನ ಹಾಡಿಗೇ ಇಟ್ರು. ಟೈಟಲ್ ಕಾರ್ಡಲ್ಲಿ ಜಾಗ ಸಿಗದ ಹೆಸರು, ಈಗ ನಮ್ಮೂರ ಪೆಂಡಾಲಲ್ಲಿ ಕುಣಿಯೋ ಹುಡುಗ್ರ ಬಾಯಲ್ಲೂ ಇದೆ. ಈ ಸಲ ಹಬ್ಬದಲ್ಲಿ ನುಡಿಸೋಕ್ಮುಂಚೆ ಮೈಕ್ ಇಸ್ಕೊಂಡು ಹೇಳ್ತೀನಿ, ಇವರು ಪಿಟೀಲು ಮೇಷ್ಟ್ರು, ಮಜೋರ್ಡಾದವ್ರು ಅಂತ.